ವೈದ್ಯಕೀಯ ಸ್ನಾತಕೋತ್ತರ ಪ್ರವೇಶ: ಹೊಸೂರು–ಕೃಷ್ಣಗಿರಿ ಗಡಿಸೀಮೆ

ಎಂ.ಬಿ.ಬಿ.ಎಸ್. ಓದಿ ಒಂದು ವರ್ಷದ ಹೌಸ್ ಸರ್ಜನ್ಸಿ ಮುಗಿಸಿದವರು ಎಂ.ಡಿ., ಎಂ.ಎಸ್. ಅಥವಾ ಡಿ.ಎನ್.ಬಿ. ತರಬೇತಿಗೆ ಸೇರಲು ದಾಟಬೇಕಾದ ಅರ್ಜಿ, ಪರೀಕ್ಷೆ ಮತ್ತು ಕೌನ್ಸೆಲಿಂಗ್‌ಗಳನ್ನು ಒಟ್ಟಾಗಿ ವೈದ್ಯಕೀಯ ಸ್ನಾತಕೋತ್ತರ ಪ್ರವೇಶ ಎನ್ನುತ್ತಾರೆ. ವಿದ್ಯಾರ್ಥಿಗಳ ಮಾತಿನಲ್ಲಿ ಇದು ‘ಪಿ.ಜಿ. ಸೀಟು’. ಸೀಟು ಸಿಕ್ಕವರು ಮೂರು ವರ್ಷ ಆಸ್ಪತ್ರೆಯಲ್ಲಿ ಜೂನಿಯರ್ ರೆಸಿಡೆಂಟ್ ಆಗಿ ರೋಗಿಗಳನ್ನು ನೋಡಿಕೊಳ್ಳುತ್ತಲೇ ಕಲಿಯುತ್ತಾರೆ. ಹೀಗಾಗಿ ಇದು ಓದಿಗೆ ಸೇರುವುದೂ ಹೌದು, ದುಡಿಮೆಗೆ ಸೇರುವುದೂ ಹೌದು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಹೊಸೂರು, ತಳಿ, ಡೆಂಕಣಿಕೋಟೆ, ಶೂಲಗಿರಿ, ಕೃಷ್ಣಗಿರಿಗಳ ಸೀಮೆಯಲ್ಲಿ ಈ ಪ್ರವೇಶದ ಇತಿಹಾಸಕ್ಕೆ ವಿಶೇಷ ಅರ್ಥವಿದೆ. ಸೀಟನ್ನು ಅಭ್ಯರ್ಥಿಯ ಅಂಕ ನೋಡಿ ಕೊಡಬೇಕೇ, ಅವರ ಊರು ನೋಡಿ ಕೊಡಬೇಕೇ ಎಂಬ ವಾದ ಎಪ್ಪತ್ತು ವರ್ಷಗಳಿಂದ ನಡೆದಿದೆ. ಅದನ್ನು ರೂಪಿಸಿದ ಮೊಕದ್ದಮೆಗಳಲ್ಲಿ ಹಲವು ಇದೇ ಗಡಿಯ ಎರಡು ಬದಿಯ ರಾಜ್ಯಗಳಿಂದ ಬಂದವು.

ಮದರಾಸು ಪ್ರಾಂತ್ಯದ ಕಾಲದಲ್ಲಿ ಹೊಸೂರು ಸೇಲಂ ಜಿಲ್ಲೆಯ ತಾಲೂಕಾಗಿತ್ತು. 1965ರಲ್ಲಿ ಧರ್ಮಪುರಿ ಜಿಲ್ಲೆಗೆ, 2004ರಲ್ಲಿ ಹೊಸದಾಗಿ ರಚನೆಯಾದ ಕೃಷ್ಣಗಿರಿ ಜಿಲ್ಲೆಗೆ ಸೇರಿತು. ಈ ಭಾಗದವರು ವೈದ್ಯರಾಗಬೇಕೆಂದರೆ ಮೊದಲು ಕಾಣುತ್ತಿದ್ದುದು ಮದರಾಸು. 1835ರಲ್ಲಿ ಶಾಲೆಯಾಗಿ ಹುಟ್ಟಿ 1850ರಲ್ಲಿ ಕಾಲೇಜು ಎನಿಸಿದ ಮದ್ರಾಸ್ ಮೆಡಿಕಲ್ ಕಾಲೇಜು ಅಲ್ಲಿತ್ತು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1918ರಲ್ಲಿ ಮಹಿಳೆಯರಿಗಾಗಿ ತೆರೆದ ವೈದ್ಯ ಶಾಲೆ 1942ರಲ್ಲಿ ಎಂ.ಬಿ.ಬಿ.ಎಸ್. ಕಾಲೇಜಾಯಿತು. 1955ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜು ಆರಂಭವಾದಾಗ ಹೊಸೂರಿಗೆ ಅದು ಸುಮಾರು 40 ಕಿಲೋಮೀಟರ್ ದೂರದಲ್ಲಿತ್ತು. ಆದರೆ ಅದು ಇನ್ನೊಂದು ರಾಜ್ಯದ ಕಾಲೇಜು. ಸೇಲಂನಲ್ಲಿ ಸರ್ಕಾರಿ ಕಾಲೇಜು ಬಂದದ್ದು 1986ರಲ್ಲಿ, ಧರ್ಮಪುರಿಯಲ್ಲಿ 2008ರಲ್ಲಿ. ಹತ್ತಿರದ ಕಾಲೇಜಿಗೂ ಅರ್ಹತೆ ಇರುವ ಕಾಲೇಜಿಗೂ ನಡುವಿನ ಈ ಅಂತರವೇ ಗಡಿಸೀಮೆಯ ವಿದ್ಯಾರ್ಥಿಗಳ ಮೂಲ ತೊಡಕು.

ಆಸ್ಪತ್ರೆಯಲ್ಲೇ ಇದ್ದು ಪರಿಣತಿ ಗಳಿಸುವ ರೆಸಿಡೆನ್ಸಿ ಪದ್ಧತಿ 1889ರ ನಂತರ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಆಸ್ಲರ್ ಮತ್ತು ವಿಲಿಯಂ ಹಾಲ್‌ಸ್ಟೆಡ್ ಅವರ ಕೈಯಲ್ಲಿ ರೂಪುಗೊಂಡಿತು. ಭಾರತದಲ್ಲಿ ಬ್ರಿಟಿಷ್ ಮಾದರಿ ಬೇರೂರಿತ್ತು. ಅನುಕೂಲವಿದ್ದವರು ಎಫ್.ಆರ್.ಸಿ.ಎಸ್., ಎಂ.ಆರ್.ಸಿ.ಪಿ. ಪಡೆಯಲು ಹಡಗು ಹತ್ತಿದರೆ ಉಳಿದವರು ಸರ್ಕಾರಿ ಸೇವೆಯಲ್ಲಿದ್ದು ಸರದಿ ಕಾದರು. 1956ರಲ್ಲಿ ದೆಹಲಿಯಲ್ಲಿ ಏಮ್ಸ್ ಸ್ಥಾಪನೆಯಾದ ಬಳಿಕ ದೇಶದೊಳಗೇ ಸ್ನಾತಕೋತ್ತರ ಶಿಕ್ಷಣವನ್ನು ಬೆಳೆಸುವ ಪ್ರಯತ್ನಕ್ಕೆ ಬಲ ಬಂತು. 1992ರ ಕೇಂದ್ರೀಯ ರೆಸಿಡೆನ್ಸಿ ಯೋಜನೆ ರೆಸಿಡೆಂಟರ ದುಡಿಮೆಗೆ ವಾರಕ್ಕೆ 48 ಗಂಟೆ, ಒಂದು ಸಲಕ್ಕೆ 12 ಗಂಟೆ ಎಂಬ ಮಿತಿ ಹೇಳಿತು. ಈ ಮಿತಿ ಬಹಳಷ್ಟು ವಾರ್ಡುಗಳಲ್ಲಿ ಇಂದಿಗೂ ಕಾಗದದಲ್ಲೇ ಉಳಿದಿದೆ. ಸೀಟಿಗಾಗಿ ಇಷ್ಟು ಪೈಪೋಟಿ ನಡೆಸುವ ವಿದ್ಯಾರ್ಥಿಗಳಿಗೆ ಸೀಟು ಸಿಕ್ಕ ಮೇಲಿನ ದುಡಿಮೆಯ ಭಾರವನ್ನು ಮೊದಲೇ ತಿಳಿಸುವವರು ವಿರಳ, ಇದು ವಿಷಾದದ ಸಂಗತಿ.

ಪ್ರವೇಶ ಪರೀಕ್ಷೆ ಬರುವ ಮುನ್ನ ಎಂ.ಬಿ.ಬಿ.ಎಸ್. ಅಂಕಗಳು ಮತ್ತು ಸರ್ಕಾರಿ ಸೇವೆಯ ಅವಧಿ ಆಯ್ಕೆಗೆ ಆಧಾರವಾಗಿದ್ದವು. ಒಂದೊಂದು ವಿಶ್ವವಿದ್ಯಾಲಯ ಅಂಕ ಕೊಡುವ ರೀತಿ ಒಂದೊಂದು ಬಗೆ. ಆದ್ದರಿಂದ ಹೊರಗಿನವರನ್ನು ಹೋಲಿಸಿ ನೋಡುವುದೇ ಕಷ್ಟವಾಗಿತ್ತು. ಈ ನಡುವೆ ಪದವಿ ಹಂತದ ಎರಡು ಮೊಕದ್ದಮೆಗಳು ದಾರಿ ತೋರಿದವು. ಮದರಾಸು ರಾಜ್ಯ ಎಂ.ಬಿ.ಬಿ.ಎಸ್. ಸೀಟುಗಳನ್ನು ಜಿಲ್ಲೆಗಳಿಗೆ ಹಂಚುತ್ತಿದ್ದ ಕ್ರಮವನ್ನು ಸುಪ್ರೀಂ ಕೋರ್ಟ್ 1968ರಲ್ಲಿ ಪಿ. ರಾಜೇಂದ್ರನ್ ಪ್ರಕರಣದಲ್ಲಿ ರದ್ದು ಮಾಡಿತು. ಒಂದು ಜಿಲ್ಲೆಯಲ್ಲಿ ಹೆಚ್ಚು ಅಂಕ ಪಡೆದವರು ಹೊರಗುಳಿದು ಇನ್ನೊಂದರಲ್ಲಿ ಕಡಿಮೆ ಅಂಕದವರು ಒಳಬರುವುದು ಸಮಾನತೆಗೆ ವಿರುದ್ಧ ಎಂಬುದು ತೀರ್ಪಿನ ಸಾರ. ಮೂರು ವರ್ಷಗಳ ಬಳಿಕ, 1971ರಲ್ಲಿ, ಡಿ.ಎನ್. ಚಂಚಲ ಪ್ರಕರಣದಲ್ಲಿ ಅದೇ ನ್ಯಾಯಾಲಯ ಮೈಸೂರು ರಾಜ್ಯವು ವಿಶ್ವವಿದ್ಯಾಲಯವಾರು ಸೀಟು ಹಂಚುವುದನ್ನು ಎತ್ತಿಹಿಡಿಯಿತು. ಜಿಲ್ಲೆಯ ಗೋಡೆ ಬಿದ್ದಿತು, ವಿಶ್ವವಿದ್ಯಾಲಯದ ಗೋಡೆ ಉಳಿಯಿತು. ಗಡಿಯಾಚೆಯ ಅಭ್ಯರ್ಥಿಗೆ ಇವೆರಡರಿಂದಲೂ ಲಾಭವಾಗಲಿಲ್ಲ.

ಬದಲಾವಣೆ ತಂದದ್ದು 1984ರ ಡಾ. ಪ್ರದೀಪ್ ಜೈನ್ ತೀರ್ಪು. ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರಿದ್ದ ಪೀಠ ವಾಸಸ್ಥಳ ನೋಡಿ ಎಲ್ಲ ಸೀಟುಗಳನ್ನೂ ಕಾದಿಡುವಂತಿಲ್ಲ ಎಂದಿತು. ಸ್ನಾತಕೋತ್ತರ ಹಂತದಲ್ಲಿ ಸಾಮಾನ್ಯ ವರ್ಗದ ಸೀಟುಗಳಲ್ಲಿ ಕನಿಷ್ಠ ಅರ್ಧವನ್ನು ಇಡೀ ದೇಶದ ಅಭ್ಯರ್ಥಿಗಳಿಗೆ ತೆರೆಯಬೇಕೆಂದಿತು. ಪರಿಣತಿ ಹೆಚ್ಚಿದಂತೆ ಊರಿನ ಲೆಕ್ಕ ತಗ್ಗಬೇಕು ಎಂಬ ನಿಲುವು ಇದರ ಹಿಂದಿತ್ತು. ಮೀಸಲಾತಿಯ ಪ್ರಮಾಣ ರಾಜ್ಯದಿಂದ ರಾಜ್ಯಕ್ಕೆ ಬೇರೆಯಾದ್ದರಿಂದ ಈ ಲೆಕ್ಕ ತೊಡಕಾಯಿತು. 1986ರಲ್ಲಿ ದಿನೇಶ್ ಕುಮಾರ್ ಪ್ರಕರಣದಲ್ಲಿ ಅದನ್ನು ಒಟ್ಟು ಸೀಟುಗಳ ಶೇ. 25 ಎಂದು ನಿಗದಿಪಡಿಸಲಾಯಿತು. ಏಮ್ಸ್ ನಡೆಸಿದ ಅಖಿಲ ಭಾರತ ಪಿ.ಜಿ. ಪರೀಕ್ಷೆ ಹೀಗೆ ಹುಟ್ಟಿತು. 2003ರ ಸೌರಭ್ ಚೌಧರಿ ತೀರ್ಪು ಈ ಪಾಲನ್ನು ಶೇ. 50ಕ್ಕೆ ಏರಿಸಿತು. ಹೊಸೂರಿನ ಪದವೀಧರರು ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎಂ.ಡಿ. ಸೀಟನ್ನು ಅಂಕದ ಬಲದಿಂದಲೇ ಕೇಳಬಹುದಾದದ್ದು ಈ ಪಾಲಿನಿಂದ.

ಉಳಿದ ಸೀಟುಗಳು ರಾಜ್ಯಗಳ ಕೈಯಲ್ಲಿದ್ದವು. ತಮಿಳುನಾಡಿನಲ್ಲಿ ರಾಜ್ಯ ಪಿ.ಜಿ. ಪ್ರವೇಶ ಪರೀಕ್ಷೆ ನಡೆಯುತ್ತಿತ್ತು. ಸೀಟು ಹಂಚುವ ಹೊಣೆ ಚೆನ್ನೈನ ಕೀಳ್ಪಾಕ್ಕಂನಲ್ಲಿದ್ದ ಆಯ್ಕೆ ಸಮಿತಿಯದು. ಕರ್ನಾಟಕದಲ್ಲಿ ಪಿ.ಜಿ.ಇ.ಟಿ. ಇತ್ತು, ಖಾಸಗಿ ಕಾಲೇಜುಗಳ ಕಾಮೆಡ್-ಕೆ ಬೇರೆ. ಇವಲ್ಲದೆ ಏಮ್ಸ್, ಪುದುಚೇರಿಯ ಜಿಪ್ಮರ್, ಚಂಡೀಗಢದ ಪಿ.ಜಿ.ಐ., ಬೆಂಗಳೂರಿನ ನಿಮ್ಹಾನ್ಸ್, ವೆಲ್ಲೂರಿನ ಸಿ.ಎಂ.ಸಿ. ಎಲ್ಲಕ್ಕೂ ಅವುಗಳದೇ ಪರೀಕ್ಷೆ. ಡಿ.ಎನ್.ಬಿ. ಇನ್ನೊಂದು ದಾರಿ, 1975ರಲ್ಲಿ ಆರಂಭವಾದ ರಾಷ್ಟ್ರೀಯ ಪರೀಕ್ಷಾ ಮಂಡಳಿ ಅದನ್ನು ನೋಡಿಕೊಳ್ಳುತ್ತದೆ. ಹೌಸ್ ಸರ್ಜನ್ಸಿಯ ವರ್ಷ ರೋಗಿಯ ಮಂಚದ ಬಳಿ ಕಲಿಯಬೇಕಾದ ವರ್ಷ. ಅದು ಒಂದಾದ ಮೇಲೊಂದು ಅರ್ಜಿ ತುಂಬುವುದರಲ್ಲಿ, ಡಿ.ಡಿ. ತೆಗೆಸುವುದರಲ್ಲಿ, ಬಹು ಆಯ್ಕೆಯ ಪ್ರಶ್ನೆಗಳನ್ನು ಉರುಹೊಡೆಯುವುದರಲ್ಲಿ ಕಳೆಯತೊಡಗಿತು. ಪಿ.ಜಿ. ಕೋಚಿಂಗ್ ಕೇಂದ್ರಗಳು ಬೆಳೆದದ್ದೂ ಈ ಕಾಲದಲ್ಲಿ.

ಕರ್ನಾಟಕದ ನಿಯಮಗಳು ಗಡಿಸೀಮೆಯವರಿಗೆ ನೇರವಾಗಿ ತಟ್ಟಿದವು. ಪದವಿ ಹಂತದ ವೃತ್ತಿಪರ ಕೋರ್ಸುಗಳಲ್ಲಿ ಆ ರಾಜ್ಯ ಗಡಿನಾಡು ಕನ್ನಡಿಗರಿಗೆ ಅರ್ಹತೆ ಕೊಟ್ಟಿದೆ. ಆದರೆ ನಿಯಮ ಹೆಸರಿಸುವ ಪ್ರದೇಶಗಳು ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಮತ್ತು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳು. ಹೊಸೂರು ಆ ಪಟ್ಟಿಯಲ್ಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುವ ತಳಿ, ಡೆಂಕಣಿಕೋಟೆ ಕಡೆಯ ಮಕ್ಕಳಿಗೆ ಇದು ಅನ್ಯಾಯವಾಗಿಯೇ ಕಾಣುತ್ತದೆ, ಮತ್ತು ಆ ಅನಿಸಿಕೆಯಲ್ಲಿ ನ್ಯಾಯವಿದೆ. ಸ್ನಾತಕೋತ್ತರ ಹಂತದಲ್ಲಿ ಇನ್ನೊಂದು ಅಡ್ಡಿ ಇತ್ತು. ಕರ್ನಾಟಕದಲ್ಲೇ ಎಂ.ಬಿ.ಬಿ.ಎಸ್. ಓದಿದ್ದರೂ ಮೂಲತಃ ಆ ರಾಜ್ಯದವರಲ್ಲದವರನ್ನು ರಾಜ್ಯದ ಸೀಟುಗಳಿಂದ ದೂರವಿಡುವ ಷರತ್ತು ಅದು. ಸುಪ್ರೀಂ ಕೋರ್ಟ್ ಇದನ್ನು 2014ರಲ್ಲಿ ಡಾ. ವಿಶಾಲ್ ಗೋಯಲ್ ಪ್ರಕರಣದಲ್ಲಿ ತಳ್ಳಿಹಾಕಿತು. ಅದೇ ಬಗೆಯ ಷರತ್ತು ಮತ್ತೆ ಬಂದಾಗ 2018ರಲ್ಲಿ ಡಾ. ಕೃತಿ ಲಖಿನಾ ಪ್ರಕರಣದಲ್ಲಿ ಮತ್ತೊಮ್ಮೆ ರದ್ದು ಮಾಡಿತು. ಬೆಂಗಳೂರಿನ ಕಾಲೇಜುಗಳಲ್ಲಿ ಎಂ.ಬಿ.ಬಿ.ಎಸ್. ಓದುವ ಹೊಸೂರಿನವರಿಗೆ ಈ ಎರಡು ತೀರ್ಪುಗಳು ಬಾಗಿಲು ತೆರೆದವು. 2025ರ ಜನವರಿ 29ರಂದು ತನ್ವಿ ಬೆಹಲ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇನ್ನೂ ಮುಂದೆ ಹೋಗಿ, ಸ್ನಾತಕೋತ್ತರ ವೈದ್ಯಕೀಯದಲ್ಲಿ ವಾಸಸ್ಥಳ ಆಧಾರಿತ ಮೀಸಲಾತಿಯೇ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಹೇಳಿತು. ತನ್ನಲ್ಲೇ ಓದಿದವರಿಗೆ ಕಾಲೇಜು ಮಿತಿಯೊಳಗೆ ಆದ್ಯತೆ ಕೊಡಬಹುದು ಎಂಬುದು ಮಾತ್ರ ಉಳಿಯಿತು.

ಒಂದೇ ಪರೀಕ್ಷೆಯ ಕಲ್ಪನೆ ಜಾರಿಗೆ ಬಂದದ್ದು 2012ರ ಕೊನೆಯಲ್ಲಿ, ಮೊದಲ ನೀಟ್-ಪಿ.ಜಿ. ನಡೆದಾಗ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಹೆಸರಿನ ಪ್ರಕರಣದಲ್ಲಿ 2013ರ ಜುಲೈ 18ರಂದು ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. 2016ರ ಏಪ್ರಿಲ್‌ನಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಹಿಂಪಡೆಯಿತು. ಅದೇ ವರ್ಷ ಭಾರತೀಯ ವೈದ್ಯಕೀಯ ಮಂಡಳಿ ಕಾಯ್ದೆಗೆ ತಿದ್ದುಪಡಿಯೂ ಆಯಿತು. ಹಳ್ಳಿಯ ಮಿಷನ್ ಆಸ್ಪತ್ರೆಗಳಿಗೆ ವೈದ್ಯರನ್ನು ಕಳಿಸುವ ತನ್ನ ಧ್ಯೇಯಕ್ಕೆ ಸ್ವಂತ ಆಯ್ಕೆ ವಿಧಾನವೇ ತಕ್ಕದ್ದು ಎಂದು ವೆಲ್ಲೂರು ಕಾಲೇಜು ವಾದಿಸಿತು. 2017ರಲ್ಲಿ ಅದು ಎಂ.ಬಿ.ಬಿ.ಎಸ್.ಗೆ ಒಬ್ಬ ವಿದ್ಯಾರ್ಥಿಯನ್ನು ಮಾತ್ರ ಸೇರಿಸಿಕೊಂಡಿತು. ಅಲ್ಪಸಂಖ್ಯಾತ ಸಂಸ್ಥೆಗಳಿಗೂ ನೀಟ್ ಅನ್ವಯಿಸುತ್ತದೆ ಎಂದು 2020ರಲ್ಲಿ ಅಂತಿಮವಾಯಿತು. ಏಮ್ಸ್, ಜಿಪ್ಮರ್, ಪಿ.ಜಿ.ಐ., ನಿಮ್ಹಾನ್ಸ್‌ಗಳ ಪ್ರವೇಶ ಆ ವರ್ಷದ ಕೊನೆಯಿಂದ ಐ.ಎನ್.ಐ.-ಸಿ.ಇ.ಟಿ. ಎಂಬ ಇನ್ನೊಂದೇ ಪರೀಕ್ಷೆಗೆ ಸೇರಿತು. ಹತ್ತಾರು ಪರೀಕ್ಷೆಗಳ ಜಾಗದಲ್ಲಿ ಎರಡು ಉಳಿದದ್ದು ದೂರದ ಊರಿನ, ಕೈ ಸಡಿಲವಿಲ್ಲದ ವಿದ್ಯಾರ್ಥಿಗಳಿಗೆ ನಿಜವಾದ ಅನುಕೂಲ. ಆದರೆ ನೀಟ್-ಪಿ.ಜಿ. ಮುಂದೆ ಹೋದರೆ ಇಡೀ ವರ್ಷವೇ ಅಲುಗುತ್ತದೆ. 2021ರ ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ಪರೀಕ್ಷೆ ಕೋವಿಡ್‌ನಿಂದ ಸೆಪ್ಟೆಂಬರ್‌ಗೆ ಹೋಯಿತು. ಮೀಸಲಾತಿ ವಿವಾದದಿಂದ ಕೌನ್ಸೆಲಿಂಗ್ 2022ರ ಜನವರಿಯ ತನಕ ನಿಂತಿತು, ಅಷ್ಟು ಕಾಲ ಆಸ್ಪತ್ರೆಗಳಿಗೆ ಹೊಸ ರೆಸಿಡೆಂಟರು ಬರಲಿಲ್ಲ. 2024ರಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ ಮುಂದೂಡಿಕೆಯ ಪ್ರಕಟಣೆ ಹೊರಬಿತ್ತು.

ಕೃಷ್ಣಗಿರಿಯಂಥ ಜಿಲ್ಲೆಗೆ ಎಲ್ಲಕ್ಕಿಂತ ಮುಖ್ಯವಾದದ್ದು ಸರ್ವಿಸ್ ಕ್ಯಾಂಡಿಡೇಟ್ ಪದ್ಧತಿ. ತಮಿಳುನಾಡು ರಾಜ್ಯದ ಪಾಲಿನ ಪಿ.ಜಿ. ಸೀಟುಗಳಲ್ಲಿ ಅರ್ಧವನ್ನು ಸರ್ಕಾರಿ ವೈದ್ಯರಿಗೆ ಬಹುಕಾಲ ಮೀಸಲಿಟ್ಟಿತ್ತು. ಎಂ.ಬಿ.ಬಿ.ಎಸ್. ಮುಗಿಸಿ ಅಂಚೆಟ್ಟಿ, ತಳಿ, ಕೆಲಮಂಗಲದಂಥ ಕಡೆಯ ಪ್ರಾಥಮಿಕ ಆರೋಗ್ಯ ಕೇಂದ್ರ ಸೇರಿದ ವೈದ್ಯರಿಗೆ ಮುಂದೆ ಓದುವ ಭರವಸೆ ಇದರಿಂದ ಸಿಗುತ್ತಿತ್ತು. ಅವರು ಪರಿಣತರಾಗಿ ಸರ್ಕಾರಿ ಸೇವೆಗೇ ಮರಳಬೇಕೆಂಬ ಬಾಂಡ್ ಇತ್ತು. ತಾಲೂಕು ಆಸ್ಪತ್ರೆಗಳಲ್ಲಿ ಹೆರಿಗೆ ತಜ್ಞರು, ಅರಿವಳಿಕೆ ತಜ್ಞರು ಸಿಗುವುದು ಬಹುಮಟ್ಟಿಗೆ ಇಂಥ ದಾರಿಯಿಂದ. ಭಾರತೀಯ ವೈದ್ಯಕೀಯ ಮಂಡಳಿಯ ನಿಯಮ ಬೇರೆ ರೀತಿ ಇತ್ತು. ಎಂ.ಡಿ., ಎಂ.ಎಸ್. ಸೀಟುಗಳಲ್ಲಿ ಕೋಟಾ ಇಲ್ಲ. ದುರ್ಗಮ ಪ್ರದೇಶದಲ್ಲಿ ಮಾಡಿದ ಸೇವೆಗೆ ವರ್ಷಕ್ಕೆ ಶೇ. 10ರಂತೆ, ಗರಿಷ್ಠ ಶೇ. 30ರಷ್ಟು ಹೆಚ್ಚುವರಿ ಅಂಕ ಮಾತ್ರ. 2016ರಲ್ಲಿ ಸುಪ್ರೀಂ ಕೋರ್ಟ್ ಮಂಡಳಿಯ ನಿಯಮವನ್ನೇ ಒಪ್ಪಿದ್ದರಿಂದ ತಮಿಳುನಾಡಿನ ಕೋಟಾ ನಿಂತುಹೋಯಿತು. ತಮಿಳುನಾಡು ವೈದ್ಯಾಧಿಕಾರಿಗಳ ಸಂಘ ಹೂಡಿದ ದಾವೆಯಲ್ಲಿ ಸಂವಿಧಾನ ಪೀಠ 2020ರ ಆಗಸ್ಟ್ 31ರಂದು ಇದನ್ನು ತಿರುಗಿಸಿತು. ಸೇವೆಯಲ್ಲಿರುವವರಿಗೆ ಪ್ರತ್ಯೇಕ ಪ್ರವೇಶ ದಾರಿ ಕಲ್ಪಿಸುವ ಅಧಿಕಾರ ರಾಜ್ಯಗಳಿಗೆ ಇದೆ ಎಂದು ಅದು ಸ್ಪಷ್ಟಪಡಿಸಿತು. ಗಡಿ ತಾಲೂಕುಗಳ ರೋಗಿಗಳ ದೃಷ್ಟಿಯಿಂದ ನೋಡಿದರೆ ಈ ಇತಿಹಾಸದ ಅತ್ಯಂತ ಬೆಲೆಯುಳ್ಳ ತೀರ್ಪು ಇದೇ.

ಈಗಿನ ಕ್ರಮದಲ್ಲಿ ನೀಟ್-ಪಿ.ಜಿ.ಯಲ್ಲಿ 200 ಪ್ರಶ್ನೆಗಳು, 800 ಅಂಕಗಳು. ಸರಿಯುತ್ತರಕ್ಕೆ 4, ತಪ್ಪಿದರೆ 1 ಕಳೆಯುತ್ತದೆ. ಬರೆಯುವವರು ಎರಡು ಲಕ್ಷಕ್ಕೂ ಹೆಚ್ಚು. ಅಖಿಲ ಭಾರತ ಕೋಟಾ, ಡೀಮ್ಡ್ ವಿಶ್ವವಿದ್ಯಾಲಯಗಳು ಮತ್ತು ಡಿ.ಎನ್.ಬಿ. ಸೀಟುಗಳಿಗೆ ಕೇಂದ್ರದ ಕೌನ್ಸೆಲಿಂಗ್ ಸಮಿತಿಯಲ್ಲೂ ರಾಜ್ಯದ ಸೀಟುಗಳಿಗೆ ರಾಜ್ಯದ ಸಮಿತಿಯಲ್ಲೂ ಬೇರೆಬೇರೆಯಾಗಿ ನೋಂದಾಯಿಸಬೇಕು. ತಮಿಳುನಾಡಿನ ಸೀಟುಗಳಿಗೆ ಶೇ. 69ರ ಮೀಸಲಾತಿ ಅನ್ವಯಿಸುತ್ತದೆ. ಜಾತಿ ಪ್ರಮಾಣಪತ್ರ, ನೇಟಿವಿಟಿ ಪ್ರಮಾಣಪತ್ರಗಳಿಗಾಗಿ ತಾಲೂಕು ಕಚೇರಿಗೆ ಅಲೆದಾಟ ತಪ್ಪದು. ಬಳಿಕ ಕಾಲೇಜು ಮತ್ತು ಬ್ರಾಂಚ್‌ಗಳನ್ನು ಇಷ್ಟದ ಕ್ರಮದಲ್ಲಿ ತುಂಬಿದರೆ ರ್‍ಯಾಂಕ್ ಪ್ರಕಾರ ಸೀಟು ನಿಗದಿಯಾಗುತ್ತದೆ. ಸಂದರ್ಶನವಿಲ್ಲ, ಶಿಫಾರಸು ಪತ್ರವಿಲ್ಲ. ರೇಡಿಯಾಲಜಿ, ಜನರಲ್ ಮೆಡಿಸಿನ್, ಚರ್ಮರೋಗ ಮೊದಲು ತುಂಬುತ್ತವೆ. ಅನಾಟಮಿ, ಫಿಸಿಯಾಲಜಿಯಂಥ ನಾನ್ ಕ್ಲಿನಿಕಲ್ ವಿಷಯಗಳಲ್ಲಿ ಸೀಟುಗಳು ಖಾಲಿ ಉಳಿಯುತ್ತವೆ. 2023ರಲ್ಲಿ ಅವನ್ನು ತುಂಬಲು ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೆ ಇಳಿಸಲಾಯಿತು.

ಅಮೆರಿಕಕ್ಕೆ ಹೋಗುವವರ ದಾರಿ ಬೇರೆ. ಅಲ್ಲಿ 1952ರಿಂದ ‘ಮ್ಯಾಚ್’ ನಡೆಯುತ್ತಿದೆ. ಅಭ್ಯರ್ಥಿ ಆಸ್ಪತ್ರೆಗಳನ್ನು, ಆಸ್ಪತ್ರೆ ಅಭ್ಯರ್ಥಿಗಳನ್ನು ಕ್ರಮವಾಗಿ ಪಟ್ಟಿ ಮಾಡುತ್ತಾರೆ. ಎರಡನ್ನೂ ಹೊಂದಿಸಿ ಒಂದೇ ದಿನ ಫಲಿತಾಂಶ ಪ್ರಕಟಿಸುತ್ತಾರೆ. ಈ ಹೊಂದಾಣಿಕೆಯ ಗಣಿತ ಮತ್ತು ಅದರ ಬಳಕೆಗಾಗಿ ಲಾಯ್ಡ್ ಶೇಪ್ಲಿ ಮತ್ತು ಆಲ್ವಿನ್ ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ಭಾರತದಿಂದ ಹೋಗುವವರು ಯು.ಎಸ್.ಎಂ.ಎಲ್.ಇ. ಪರೀಕ್ಷೆಗಳನ್ನು ಬರೆದು, ಇ.ಸಿ.ಎಫ್.ಎಂ.ಜಿ. ಪ್ರಮಾಣಪತ್ರ ಪಡೆದು ಸಂದರ್ಶನಗಳಿಗೆ ಹಾಜರಾಗಬೇಕು. 2022ರ ಜನವರಿಯಿಂದ ಮೊದಲ ಹಂತದ ಪರೀಕ್ಷೆಗೆ ಅಂಕವಿಲ್ಲ, ಪಾಸು–ಫೇಲು ಮಾತ್ರ.

ಕೃಷ್ಣಗಿರಿಗೆ ಸ್ವಂತ ಸರ್ಕಾರಿ ವೈದ್ಯಕೀಯ ಕಾಲೇಜು ಬಂದದ್ದು ತೀರ ಈಚೆಗೆ. 2022ರ ಜನವರಿ 12ರಂದು ಉದ್ಘಾಟನೆಯಾದ ತಮಿಳುನಾಡಿನ 11 ಹೊಸ ಕಾಲೇಜುಗಳಲ್ಲಿ ಇದು ಒಂದು, ಎಂ.ಬಿ.ಬಿ.ಎಸ್. ಸೀಟುಗಳು 150. ಹೊಸೂರಿನಲ್ಲಿ ಸೇಂಟ್ ಪೀಟರ್ಸ್ ಎಂಬ ಖಾಸಗಿ ಕಾಲೇಜಿದೆ. ರಾಜ್ಯ 2020ರಲ್ಲಿ ಸರ್ಕಾರಿ ಶಾಲೆಯ ಮಕ್ಕಳಿಗೆ ಎಂ.ಬಿ.ಬಿ.ಎಸ್.ನಲ್ಲಿ ಕೊಟ್ಟ ಶೇ. 7.5ರ ಒಳಮೀಸಲಾತಿ ಗಡಿ ತಾಲೂಕುಗಳ ಸರ್ಕಾರಿ ಕನ್ನಡ ಶಾಲೆಗಳ ಮಕ್ಕಳಿಗೂ ದೊರೆಯುತ್ತದೆ. 2020ರ ನಿಯಮದ ಪ್ರಕಾರ ಪ್ರತಿಯೊಬ್ಬ ಪಿ.ಜಿ. ವಿದ್ಯಾರ್ಥಿ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಕಡ್ಡಾಯ. ಹಾಗಾಗಿ ಪಿ.ಜಿ. ಸೀಟುಗಳಿಲ್ಲದ ಜಿಲ್ಲೆಗೂ ರೆಸಿಡೆಂಟರು ಬರುವಂತಾಗಿದೆ. ನಾಲ್ಕೂವರೆ ವರ್ಷದ ಓದು ಮತ್ತು ಒಂದು ವರ್ಷದ ಹೌಸ್ ಸರ್ಜನ್ಸಿಯ ಲೆಕ್ಕದಲ್ಲಿ ಕೃಷ್ಣಗಿರಿ ಕಾಲೇಜಿನ ಮೊದಲ ತಂಡ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಹವಾಗುವುದು 2027ರಲ್ಲಿ.