ಲಿಂಗ ಶಬ್ದದ ಅರ್ಥವಿಸ್ತಾರ

ಕನ್ನಡದಲ್ಲಿ ನಿತ್ಯ ಬಳಕೆಯಲ್ಲಿರುವ ಶಾಸ್ತ್ರಪದಗಳಲ್ಲಿ ‘ಲಿಂಗ’ ಶಬ್ದದಷ್ಟು ಬಹುಮುಖವಾದುದು ವಿರಳ. ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮೈಸೂರು ರಸ್ತೆಗೆ ಹೊಂದಿಕೊಂಡಿರುವ ಬಾಪೂಜಿನಗರದಂತಹ ಬಡಾವಣೆಯಲ್ಲಿ ವಾಸಿಸುವ ಒಬ್ಬ ಗೃಹಸ್ಥನು ಒಂದೇ ದಿನದಲ್ಲಿ ಈ ಶಬ್ದವನ್ನು ನಾಲ್ಕು ಅರ್ಥಗಳಲ್ಲಿ ಕಾಣಬಹುದು. ಪ್ರಾತಃಕಾಲದಲ್ಲಿ ಎಡ ಅಂಗೈಯ ಮೇಲಿರಿಸಿ ಪೂಜಿಸುವುದು ಲಿಂಗ. ಮಗಳ ಪಠ್ಯಪುಸ್ತಕದ ವ್ಯಾಕರಣ ಭಾಗದಲ್ಲಿ ಮೂರು ವಿಧವೆಂದು ಹೇಳಿರುವುದು ಲಿಂಗ. ಶಾಲೆಗೆ ಸೇರಿಸುವ ಅರ್ಜಿಯಲ್ಲಿ ಹೆಸರಿನ ಕೆಳಗೆ ಭರ್ತಿ ಮಾಡಬೇಕಾದುದು ಲಿಂಗ. ಸ್ಕ್ಯಾನಿಂಗ್ ಕೇಂದ್ರದ ಗೋಡೆಯ ಫಲಕದಲ್ಲಿ ಪತ್ತೆ ಮಾಡಕೂಡದೆಂದು ಬರೆದಿರುವುದೂ ಲಿಂಗವೇ.

ಈ ನಾಲ್ಕು ಅರ್ಥಗಳಿಗೆ ಒಳಸಂಬಂಧವಿದೆಯೆ, ಅಥವಾ ಇದು ಬರಿಯ ಧ್ವನಿಸಾಮ್ಯವೆ ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ಸಹಜವಾಗಿ ಹುಟ್ಟುತ್ತದೆ. ಕೆಲವರು ನಗೆಯಾಡಿ ಬಿಡುತ್ತಾರೆ. ಕೆಲವು ಭಕ್ತರು ಪ್ರಶ್ನೆಯೇ ಅನುಚಿತವೆಂದು ಸುಮ್ಮನಾಗಿಸುತ್ತಾರೆ. ಎರಡೂ ಸರಿಯಲ್ಲ. ಶಬ್ದದ ಚರಿತ್ರೆಯನ್ನು ಅನುಸರಿಸಿ ಹೋದರೆ, ಶಿವಶರಣರು ಈ ಒಂದು ಪದದಿಂದ ಎಂತಹ ಕಾರ್ಯವನ್ನು ಸಾಧಿಸಿದರೆಂಬುದು ಸ್ಪಷ್ಟವಾಗುತ್ತದೆ. ಆ ಕಾರ್ಯ ಇನ್ನೂ ಪೂರ್ಣವಾಗಿಲ್ಲವೆಂಬುದೂ ಮನವರಿಕೆಯಾಗುತ್ತದೆ.

ಶಾಸ್ತ್ರಗಳಲ್ಲಿ ಲಿಂಗ

‘ಲಿಂಗ’ ಶಬ್ದದ ಮೂಲಾರ್ಥ ಚಿಹ್ನೆ, ಗುರುತು ಎಂಬುದು. ಲೀನವಾದುದನ್ನು, ಎಂದರೆ ಕಣ್ಣಿಗೆ ಮರೆಯಾಗಿರುವುದನ್ನು, ತಿಳಿಯಪಡಿಸುವುದು ಲಿಂಗವೆಂದು ಪ್ರಾಚೀನರು ನಿರ್ವಚನ ಮಾಡಿದ್ದಾರೆ. ಈ ಅರ್ಥವನ್ನು ಹಿಡಿದುಕೊಂಡರೆ ಶಾಸ್ತ್ರಗಳ ಪ್ರಯೋಗಗಳೆಲ್ಲ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ನ್ಯಾಯಶಾಸ್ತ್ರದಲ್ಲಿ ಅನುಮಾನಕ್ಕೆ ಆಧಾರವಾದ ಹೇತುವಿಗೆ ಲಿಂಗವೆಂದು ಹೆಸರು. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ಊಹಿಸುವಾಗ ಹೊಗೆಯೇ ಲಿಂಗ. ಕಾಣದಿರುವ ಬೆಂಕಿ ಅದರಿಂದ ತಿಳಿಯತಕ್ಕದ್ದು. ಆಯುರ್ವೇದದಲ್ಲಿ ನಿದಾನ, ಪೂರ್ವರೂಪ, ಲಿಂಗ, ಉಪಶಯ, ಸಂಪ್ರಾಪ್ತಿ ಎಂದು ರೋಗವನ್ನು ಅರಿಯುವ ಐದು ಸಾಧನಗಳನ್ನು ಚರಕಸಂಹಿತೆ ಹೇಳುತ್ತದೆ. ಅಲ್ಲಿ ಲಿಂಗವೆಂದರೆ ರೋಗದ ಲಕ್ಷಣ. ದೇಹದೊಳಗಿನ ವಿಕಾರ ವೈದ್ಯನ ಕಣ್ಣಿಗೆ ಬೀಳುವುದಿಲ್ಲ. ಮೈ ಬಿಸಿಯಾದುದು ಕೈಗೆ ತಿಳಿಯುತ್ತದೆ.

ಪೂರ್ವಮೀಮಾಂಸೆಯಲ್ಲಿ ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯೆ ಎಂಬ ಆರು ಪ್ರಮಾಣಗಳಿವೆ. ಯಾವ ಮಂತ್ರವನ್ನು ಯಾವ ಕರ್ಮದಲ್ಲಿ ಬಳಸಬೇಕೆಂದು ನೇರ ವಿಧಿಯಿಲ್ಲದಿದ್ದಾಗ, ಮಂತ್ರದ ಶಬ್ದಗಳಲ್ಲಿ ಅಡಗಿರುವ ಅರ್ಥಸಾಮರ್ಥ್ಯವೇ ಅದನ್ನು ಸೂಚಿಸುತ್ತದೆ. ಆ ಸಾಮರ್ಥ್ಯಕ್ಕೆ ಲಿಂಗವೆಂದು ಸಂಜ್ಞೆ. ವೇದಾಂತಿಗಳು ಗ್ರಂಥವೊಂದರ ತಾತ್ಪರ್ಯವನ್ನು ನಿರ್ಣಯಿಸಲು ಉಪಕ್ರಮ-ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿ ಎಂಬ ಆರು ಲಿಂಗಗಳನ್ನು ಹೇಳುತ್ತಾರೆ. ವಚನಗಳ ತಾತ್ಪರ್ಯವನ್ನು ಅರಸುವ ಸಾಹಿತ್ಯ ವಿದ್ಯಾರ್ಥಿಗೂ ಈ ಆರು ಗುರುತುಗಳು ಉಪಯುಕ್ತವೇ. ಯೋಗಸೂತ್ರಗಳಲ್ಲಿ ಮಹತ್ತತ್ತ್ವ ‘ಲಿಂಗಮಾತ್ರ’, ಮೂಲಪ್ರಕೃತಿ ‘ಅಲಿಂಗ’. ಗುರುತು ಮೊದಲಿಗೆ ಹೊಮ್ಮುವ ಅವಸ್ಥೆ ಒಂದು, ಗುರುತೇ ಇಲ್ಲದ ಅವಸ್ಥೆ ಇನ್ನೊಂದು.

ಹೀಗೆ ವೈದ್ಯನಿಂದ ತಾರ್ಕಿಕನವರೆಗೆ ಎಲ್ಲರಲ್ಲಿಯೂ ಅರ್ಥ ಒಂದೇ: ಕಾಣದ್ದನ್ನು ಕಾಣಿಸುವ ಗುರುತು.

ವ್ಯಾಕರಣದಲ್ಲಿ ಲಿಂಗ

ವ್ಯಾಕರಣಕ್ಕೆ ಬಂದಾಗ ಈ ಗುರುತು ವರ್ಗೀಕರಣದ ಸಾಧನವಾಯಿತು. ಅಮರಸಿಂಹನ ಕೋಶದ ನಿಜವಾದ ಹೆಸರೇ ‘ನಾಮಲಿಂಗಾನುಶಾಸನ’. ಸಂಸ್ಕೃತದಲ್ಲಿ ಶಬ್ದದ ಲಿಂಗಕ್ಕೂ ವಸ್ತುವಿನ ಲಿಂಗಕ್ಕೂ ಹೊಂದಿಕೆಯಿರಲೇಬೇಕೆಂಬ ನಿಯಮವಿಲ್ಲ. ಹೆಂಡತಿಯೆಂಬ ಒಂದೇ ಅರ್ಥದಲ್ಲಿ ‘ಭಾರ್ಯಾ’ ಸ್ತ್ರೀಲಿಂಗ, ‘ದಾರ’ ಪುಲ್ಲಿಂಗ, ‘ಕಳತ್ರ’ ನಪುಂಸಕಲಿಂಗ.

ಈ ತೊಡಕನ್ನು ಪತಂಜಲಿ ಮಹಾಭಾಷ್ಯದಲ್ಲಿ ದೀರ್ಘವಾಗಿ ಚರ್ಚಿಸಿದ್ದಾನೆ. ಸ್ತನ ಕೇಶಗಳಿರುವುದು ಸ್ತ್ರೀ, ಮೈಮೇಲೆ ರೋಮವಿರುವುದು ಪುರುಷ ಎಂಬ ದೇಹಲಕ್ಷಣಗಳನ್ನು ಅವನು ಮೊದಲು ಎತ್ತಿಕೊಳ್ಳುತ್ತಾನೆ. ಆಮೇಲೆ, ಮಂಚಕ್ಕೂ ಮರಕ್ಕೂ ಈ ಲಕ್ಷಣಗಳು ಹೇಗೆ ಹೊಂದುತ್ತವೆಂದು ಆಕ್ಷೇಪಿಸಿ, ಶಬ್ದದ ಲಿಂಗವನ್ನು ಕೊನೆಗೆ ಲೋಕದ ಬಳಕೆಯಿಂದಲೇ ತಿಳಿಯಬೇಕೆಂಬಲ್ಲಿಗೆ ಬರುತ್ತಾನೆ. ದೇಹದ ಗುರುತು ಲಿಂಗವನ್ನು ನಿರ್ಣಯಿಸಲಾರದೆಂದು ಎರಡು ಸಾವಿರ ವರ್ಷಗಳ ಹಿಂದೆಯೇ ವೈಯಾಕರಣರು ಕಂಡುಕೊಂಡಿದ್ದರೆಂಬುದನ್ನು ವಾಚಕರು ಗಮನದಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಕಾತಂತ್ರ ವ್ಯಾಕರಣದಲ್ಲಿ ಲಿಂಗ ಶಬ್ದಕ್ಕೆ ಬೇರೊಂದು ಪಾರಿಭಾಷಿಕ ಅರ್ಥವಿದೆ. ವಿಭಕ್ತಿ ಸೇರುವುದಕ್ಕೆ ಮುಂಚಿನ, ಧಾತುವಲ್ಲದ, ಅರ್ಥವುಳ್ಳ ಮೂಲರೂಪವನ್ನು ಆ ಪಂಥದವರು ಲಿಂಗವೆನ್ನುತ್ತಾರೆ. ಹದಿಮೂರನೆಯ ಶತಮಾನದ ಕೇಶಿರಾಜನೂ ‘ಶಬ್ದಮಣಿದರ್ಪಣ’ದಲ್ಲಿ ನಾಮಪ್ರಕೃತಿ ಎಂಬ ಈ ಅರ್ಥವನ್ನು ಸ್ವೀಕರಿಸಿದ್ದಾನೆ, ಸ್ತ್ರೀ-ಪುರುಷಾದಿ ಭೇದದ ಲಿಂಗವನ್ನೂ ಒಂಬತ್ತು ಬಗೆಯಾಗಿ ವಿಂಗಡಿಸಿದ್ದಾನೆ.

ಆದರೆ ಕನ್ನಡದ ಜಾಯಮಾನ ಸಂಸ್ಕೃತದಂತಲ್ಲ. ಇಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ: ಗಂಡಸನ್ನು ಹೇಳುವುದು ಪುಲ್ಲಿಂಗ, ಹೆಂಗಸನ್ನು ಹೇಳುವುದು ಸ್ತ್ರೀಲಿಂಗ, ಮಿಕ್ಕುದು ನಪುಂಸಕಲಿಂಗ. ಇದರಲ್ಲಿ ಎರಡು ವಿಶೇಷಗಳಿವೆ. ಒಂದು, ಬಹುವಚನದಲ್ಲಿ ಮನುಷ್ಯರಿಗೆ ಹೆಣ್ಣು-ಗಂಡೆಂಬ ಭೇದವಿಲ್ಲ. ‘ಅವನು’, ‘ಅವಳು’ ಬೇರೆಯಾದರೂ ಇಬ್ಬರೂ ಕೂಡಿದರೆ ‘ಅವರು’. ‘ಬಂದನು’, ‘ಬಂದಳು’ ಕೂಡಿದರೆ ‘ಬಂದರು’. ‘ಶರಣರು ಬಂದರು’ ಎಂದಾಗ ಅವರಲ್ಲಿ ಶರಣೆಯರೆಷ್ಟು ಮಂದಿಯೆಂದು ಭಾಷೆ ಕೇಳುವುದಿಲ್ಲ. ಎರಡನೆಯದು, ಮಗು, ಶಿಶು, ಕೂಸು ಎಂಬ ಪದಗಳು ಕನ್ನಡದಲ್ಲಿ ನಪುಂಸಕಲಿಂಗಗಳು. ‘ಮಗು ಹುಟ್ಟಿತು’ ಎಂದು ಹೇಳಿ ಕನ್ನಡಿಗ ಸಂತೋಷಪಡುತ್ತಾನೆ. ಹೆಣ್ಣೋ ಗಂಡೋ ಎಂಬ ಪ್ರಶ್ನೆ ವ್ಯಾಕರಣದ್ದಲ್ಲ, ಕೇಳುವವರದು.

ವಚನಕಾರರಲ್ಲಿ ಲಿಂಗ

ಶೈವಾಗಮಗಳ ಪರಂಪರೆಯಲ್ಲಿ ಲಿಂಗಕ್ಕೆ ಇನ್ನೊಂದು ನಿರ್ವಚನವಿದೆ: ಜಗತ್ತೆಲ್ಲ ಯಾವುದರಲ್ಲಿ ಲಯವಾಗಿ ಯಾವುದರಿಂದ ಮತ್ತೆ ಹೊರಹೊಮ್ಮುವುದೋ ಅದು ಲಿಂಗ. ನಿರಾಕಾರ ಶಿವನ ಗುರುತೆಂಬ ಅರ್ಥವೂ ಅದರೊಡನೆ ಸೇರಿಕೊಂಡಿದೆ. ಶಿಲ್ಪಚರಿತ್ರೆಯಲ್ಲಿ ದೇಹಾವಯವದ ಆಕಾರವನ್ನು ಹೋಲುವ ಲಿಂಗಗಳೂ ಇವೆಯೆಂಬುದನ್ನು, ಆಂಧ್ರಪ್ರದೇಶದ ಗುಡಿಮಲ್ಲಂ ಲಿಂಗದ ಉದಾಹರಣೆಯಿಂದ, ವಿದ್ವಾಂಸರು ತೋರಿಸಿದ್ದಾರೆ. ಅದನ್ನು ಅಲ್ಲಗಳೆಯಬೇಕಾದ ಅವಶ್ಯಕತೆಯಿಲ್ಲ. ಆದರೆ ಅದೊಂದನ್ನೇ ಹಿಡಿದು ಇಷ್ಟಲಿಂಗದ ಅರ್ಥವನ್ನು ಹೇಳಹೊರಟವರು ಶಬ್ದದ ಉಳಿದ ಚರಿತ್ರೆಯನ್ನೆಲ್ಲ ಬಿಟ್ಟಂತಾಗುತ್ತದೆ. ಕರಸ್ಥಲಕ್ಕೆ ಬಂದ ಇಷ್ಟಲಿಂಗಕ್ಕೆ ದೇಹದಲ್ಲಿ ಪ್ರಾಣಲಿಂಗ, ಭಾವಲಿಂಗಗಳೆಂಬ ಮುಂದಿನ ನೆಲೆಗಳಿವೆ. ಷಟ್‌ಸ್ಥಲದಲ್ಲಿ ಆಚಾರಲಿಂಗದಿಂದ ಮಹಾಲಿಂಗದವರೆಗೆ ಆರು ಮುಖಗಳಿವೆ. ಹೊಗೆಯಿಂದ ಬೆಂಕಿಗೆ ಸಾಗುವಂತೆ, ಕೈಯಲ್ಲಿರುವ ಗುರುತಿನಿಂದ ಗುರುತಿಲ್ಲದ ವಸ್ತುವಿನ ಕಡೆಗೆ ಸಾಗುವ ಮಾರ್ಗವದು.

ಇಲ್ಲಿಯವರೆಗಿನದು ತತ್ತ್ವ. ಇದರ ಸಾಮಾಜಿಕ ಫಲ ಇನ್ನೂ ದೊಡ್ಡದು. ಉಪನಯನವೆಂಬ ಸಂಸ್ಕಾರದಲ್ಲಿ ಹುಡುಗನಿಗೆ ಒಂದು ಗುರುತು ದೊರೆಯುತ್ತಿತ್ತು, ಹುಡುಗಿಗೆ ದೊರೆಯುತ್ತಿರಲಿಲ್ಲ. ಅಕ್ಕನಾಗಮ್ಮನಿಗೆ ಇಲ್ಲದ ಜನಿವಾರ ತನಗೇಕೆಂದು ಬಾಲಕ ಬಸವಣ್ಣ ಕೇಳಿದನೆಂಬ ಕಥೆ ನಾಡಿನಲ್ಲೆಲ್ಲ ಪ್ರಚಾರದಲ್ಲಿದೆ. ಶರಣರು ಆ ಸ್ಥಾನದಲ್ಲಿ ಇಟ್ಟ ಗುರುತು ಹೆಣ್ಣಿಗೂ ಗಂಡಿಗೂ ಒಂದೇ. ಯಾವ ಪದ ವ್ಯಾಕರಣದಲ್ಲಿ ಹೆಣ್ಣು-ಗಂಡುಗಳನ್ನು ಬೇರ್ಪಡಿಸುತ್ತಿತ್ತೋ ಅದೇ ಪದದ ಹೆಸರುಳ್ಳ ವಸ್ತುವನ್ನು ಇಬ್ಬರ ಎದೆಯ ಮೇಲೂ ಇಟ್ಟು, ಆ ಬೇರ್ಪಾಡನ್ನು ಅವರು ಅಳಿಸಿದರು. ಮೂವತ್ತಕ್ಕೂ ಹೆಚ್ಚು ಶರಣೆಯರ ವಚನಗಳು ನಮಗೆ ಉಳಿದು ಬಂದಿರುವುದು ಈ ಹಿನ್ನೆಲೆಯಲ್ಲಿ ಆಕಸ್ಮಿಕವಲ್ಲ.

ಜೇಡರ ದಾಸಿಮಯ್ಯನ ಪ್ರಸಿದ್ಧ ವಚನವೊಂದನ್ನು ಇಲ್ಲಿ ಸ್ಮರಿಸಬೇಕು. ಹೆಣ್ಣು ಗಂಡೆಂಬ ಹೆಸರುಗಳು ದೇಹದ ಹೊರಗುರುತುಗಳಿಂದ ಬಂದವು, ನಡುವೆ ಸುಳಿಯುವ ಆತ್ಮಕ್ಕೆ ಆ ಹೆಸರುಗಳಿಲ್ಲ ಎಂಬುದು ಅದರ ತಾತ್ಪರ್ಯ. ಗೊಗ್ಗವ್ವೆ, ಸತ್ಯಕ್ಕರ ವಚನಗಳಲ್ಲಿಯೂ ಇದೇ ವಿಚಾರವಿದೆ. ದಾಸಿಮಯ್ಯ ಎತ್ತಿಕೊಳ್ಳುವ ಗುರುತುಗಳನ್ನೂ ಪತಂಜಲಿ ಎತ್ತಿಕೊಂಡ ಗುರುತುಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಹೆಣ್ಣಿನ ವಿಷಯದಲ್ಲಿ ಅವು ಒಂದೇ. ನೇಕಾರನಾದ ಶರಣ ಮಹಾಭಾಷ್ಯವನ್ನು ಓದಿದ್ದನೆಂದು ಸಾಧಿಸುವುದು ನನ್ನ ಉದ್ದೇಶವಲ್ಲ. ಆದರೆ ಇಬ್ಬರೂ ಒಂದೇ ಲೋಕರೂಢಿಯನ್ನು ಪರೀಕ್ಷೆಗೆ ಒಡ್ಡಿದರು. ವೈಯಾಕರಣ ಅದನ್ನು ಶಬ್ದದ ಮಟ್ಟಿಗೆ ನಿರಾಕರಿಸಿ ನಿಲ್ಲಿಸಿದ. ಶರಣ ಆತ್ಮದ ಮಟ್ಟಿಗೂ ನಿರಾಕರಿಸಿದ.

ಶರಣಸತಿ-ಲಿಂಗಪತಿ ಭಾವದಲ್ಲಿ ಮತ್ತೆ ಹೆಣ್ಣು-ಗಂಡೆಂಬ ಭೇದವೇ ಬಂದಿತಲ್ಲ ಎಂದು ವಿದ್ಯಾರ್ಥಿಗಳು ಆಕ್ಷೇಪಿಸುವುದುಂಟು. ರೂಪಕ ಅಂದಿನ ಸಂಸಾರದಿಂದ ಬಂದುದು, ನಿಜ. ಆದರೆ ಉರಿಲಿಂಗದೇವನಂತಹ ಪುರುಷನೂ ಅಲ್ಲಿ ಸತಿಯೇ. ಪತಿಯೆನಿಸಿಕೊಂಡ ‘ಲಿಂಗ’ವಾದರೋ ಶಬ್ದರೂಪದಲ್ಲಿ ನಪುಂಸಕ. ಗಂಡಸು ಹೆಣ್ಣಾಗಿ, ನಪುಂಸಕ ಪದ ಗಂಡನಾಗಿ ನಿಲ್ಲುವ ಆ ಭಾವದಲ್ಲಿ ಲೋಕದ ಲಿಂಗವ್ಯವಸ್ಥೆ ಹಿಂದಿನಂತೆ ಉಳಿಯುವುದಿಲ್ಲ.

ಇಂದಿನ ಬಳಕೆಯಲ್ಲಿ ಲಿಂಗ

ಆಧುನಿಕ ಕನ್ನಡದಲ್ಲಿ ಆಡಳಿತ, ಕಾನೂನು, ವೈದ್ಯಗಳು ಈ ಪದವನ್ನು ಹೆಣ್ಣು-ಗಂಡೆಂಬ ಭೇದಕ್ಕೇ ಮೀಸಲಿಟ್ಟಿವೆ. ಲಿಂಗಾನುಪಾತ, ಲಿಂಗಸಮಾನತೆ, ಲಿಂಗತಾರತಮ್ಯ ಮೊದಲಾದ ಸಮಾಸಗಳು ಪತ್ರಿಕೆಗಳಲ್ಲಿ ದಿನವೂ ಕಾಣುತ್ತವೆ. ೨೦೧೪ರಲ್ಲಿ ಸರ್ವೋಚ್ಚ ನ್ಯಾಯಾಲಯ ಎರಡೂ ಅಲ್ಲದವರ ಸ್ಥಾನವನ್ನು ಮಾನ್ಯ ಮಾಡಿದ ಮೇಲೆ ಅರ್ಜಿಗಳಲ್ಲಿ ಮೂರನೆಯ ಕಲಮೂ ಸೇರಿತು. ‘ಲಿಂಗತ್ವ ಅಲ್ಪಸಂಖ್ಯಾತರು’ ಎಂಬ ಹೊಸ ಪದ ರೂಢಿಗೆ ಬಂದಿತು.

ಇವುಗಳಲ್ಲಿ ಅತ್ಯಂತ ಕಟುವಾದ ಸಮಾಸ ‘ಭ್ರೂಣಲಿಂಗ ಪತ್ತೆ’. ಗರ್ಭದಲ್ಲಿರುವುದು ಹೆಣ್ಣೆಂದು ತಿಳಿದರೆ ಅದನ್ನು ತೆಗೆಸುವ ದುಷ್ಕೃತ್ಯವನ್ನು ತಡೆಯಲು ೧೯೯೪ರಲ್ಲಿ ಕೇಂದ್ರ ಶಾಸನವಾಯಿತು. ೧೯೯೬ರಿಂದ ಅದು ಜಾರಿಯಲ್ಲಿದೆ, ೨೦೦೩ರಲ್ಲಿ ಇನ್ನಷ್ಟು ಬಿಗಿಯಾಯಿತು. ಸ್ಕ್ಯಾನಿಂಗ್ ಕೇಂದ್ರಗಳಲ್ಲಿ ಫಲಕ ಹಾಕಬೇಕೆಂಬುದು ಆ ಶಾಸನದ ನಿಯಮ. ಆದರೂ ಆರು ವರ್ಷದೊಳಗಿನ ಒಂದು ಸಾವಿರ ಗಂಡುಮಕ್ಕಳಿಗೆ ಕರ್ನಾಟಕದಲ್ಲಿದ್ದ ಹೆಣ್ಣುಮಕ್ಕಳ ಸಂಖ್ಯೆ ೧೯೯೧ರ ಜನಗಣತಿಯಲ್ಲಿ ೯೬೦ ಇದ್ದುದು ೨೦೦೧ರಲ್ಲಿ ೯೪೬ಕ್ಕೆ ಇಳಿಯಿತು, ೨೦೧೧ರಲ್ಲಿ ೯೪೮. ೨೦೨೩ರಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲವೊಂದು ಮಂಡ್ಯ ಜಿಲ್ಲೆಯ ಆಲೆಮನೆಯಲ್ಲಿ ಗುಟ್ಟಾಗಿ ಯಂತ್ರವಿಟ್ಟು ಈ ಪತ್ತೆ ನಡೆಸುತ್ತಿತ್ತೆಂಬ ಸುದ್ದಿ ನಾಡನ್ನು ಬೆಚ್ಚಿಬೀಳಿಸಿತು. ಬೆಲ್ಲ ಬೇಯುವ ಮನೆಯಲ್ಲಿ ಇಂತಹ ಕೆಲಸ!

ವೀರಶೈವ ಸಂಪ್ರದಾಯದ ಗರ್ಭಲಿಂಗಧಾರಣೆ ಇಲ್ಲಿ ನೆನಪಾಗದಿರದು. ಗರ್ಭಿಣಿಗೆ ಎಂಟನೆಯ ತಿಂಗಳಾದಾಗ ಗುರುವು ಒಳಗಿನ ಶಿಶುವಿಗೆಂದು ಲಿಂಗವನ್ನು ಕೊಡುತ್ತಾನೆ. ತಾಯಿ ಅದನ್ನು ಶಿಶುವಿನ ಪರವಾಗಿ ಧರಿಸುತ್ತಾಳೆ. ಹುಟ್ಟಿದ ಬಳಿಕ ಅದು ಮಗುವಿನದು. ಚೆನ್ನಬಸವಣ್ಣನಿಗೆ ಗರ್ಭದಲ್ಲಿಯೇ ಲಿಂಗಸಂಬಂಧವಾಯಿತೆಂದು ಪರಂಪರೆ ಹೇಳುತ್ತದೆ. ಲಿಂಗ ಕೊಡುವ ಗುರು ಹೆಣ್ಣೋ ಗಂಡೋ ಎಂದು ಕೇಳುವುದಿಲ್ಲ. ಕೇಳಿದರೂ ಹಿಂದಿನ ಕಾಲದಲ್ಲಿ ಹೇಳಬಲ್ಲವರಿರಲಿಲ್ಲ. ಒಂದೆಡೆ ಗರ್ಭಸ್ಥ ಶಿಶುವಿನ ಲಿಂಗವನ್ನು ಪತ್ತೆ ಮಾಡಿ ಪ್ರಾಣ ತೆಗೆಯುವುದು. ಇನ್ನೊಂದೆಡೆ ಲಿಂಗವನ್ನು ಕೇಳದೆಯೇ ಲಿಂಗವನ್ನು ಕೊಟ್ಟು, ಹುಟ್ಟುವ ಮುನ್ನವೇ ಅದನ್ನು ಶಿವಕುಲಕ್ಕೆ ಸೇರಿಸಿಕೊಳ್ಳುವುದು. ಒಂದೇ ಪದದ ಎರಡು ಅರ್ಥಗಳ ನಡುವೆ ಒಂದು ಜೀವದ ಅಳಿವು-ಉಳಿವು ನಿಂತಿದೆ.

ಕೊರಳಲ್ಲಿ ಕರಡಿಗೆಯಿರುವ ಮನೆಗಳಲ್ಲೆಲ್ಲ ಈ ಅರ್ಥ ಉಳಿದಿದೆಯೆಂದು ಧೈರ್ಯವಾಗಿ ಹೇಳುವಂತಿಲ್ಲ. ಎರಡನೆಯದೂ ಹೆಣ್ಣಾದರೆ ಮುಖ ಬಾಡಿಸುವವರು ನಮ್ಮಲ್ಲಿಯೂ ಇದ್ದಾರೆ. ಮಠಪೀಠಗಳ ಮಾತೂ ಅಷ್ಟೆ. ಅಕ್ಕಮಹಾದೇವಿಯನ್ನು ಅನುಭವಮಂಟಪದಲ್ಲಿ ಗೌರವಿಸಿದ ಪರಂಪರೆಯಲ್ಲಿ ಮಹಿಳೆಯೊಬ್ಬರು, ಮಾತೆ ಮಹಾದೇವಿಯವರು, ಜಗದ್ಗುರು ಪೀಠವನ್ನೇರಿದ್ದು ೧೯೭೦ರಲ್ಲಿ. ಎಂಟು ಶತಮಾನಗಳ ಬಳಿಕ. ಅವರ ಎಲ್ಲ ನಿಲುವುಗಳನ್ನು ಒಪ್ಪದವರೂ ಈ ವಿಳಂಬದ ಕಾರಣವನ್ನು ಯೋಚಿಸಲೇಬೇಕು. ಪೂಜೆಯ ಲಿಂಗವನ್ನು ಉಳಿಸಿಕೊಂಡು, ಅದು ಅಳಿಸಬೇಕಾಗಿದ್ದ ಲಿಂಗಭೇದವನ್ನೂ ಉಳಿಸಿಕೊಂಡರೆ, ಗುರುತು ಕೈಯಲ್ಲಿದ್ದೂ ಗುರುತಿನಿಂದ ತಿಳಿಯಬೇಕಾದುದು ತಿಳಿಯದೆ ಹೋದಂತೆ.

ಆದುದರಿಂದ ಕನ್ನಡ ಉಪಾಧ್ಯಾಯರು ತರಗತಿಯಲ್ಲಿ ಲಿಂಗಪ್ರಕರಣವನ್ನು ಬೋಧಿಸುವಾಗ ಈ ಪದದ ಅನ್ಯಾರ್ಥಗಳನ್ನು ಮುಜುಗರಪಟ್ಟು ಬದಿಗಿಡದೆ, ದಾಸಿಮಯ್ಯನ ವಚನವನ್ನು ಜೊತೆಗಿಟ್ಟು ವಿವರಿಸುವುದು ಯೋಗ್ಯ. ಗರ್ಭಲಿಂಗಧಾರಣೆಯನ್ನು ನಡೆಸಿಕೊಡುವ ಗುರುಗಳೂ ಮಂತ್ರೋಪದೇಶವಾದ ಮೇಲೆ ಅಲ್ಲಿ ನೆರೆದ ಅತ್ತೆ-ಮಾವಂದಿರಿಗೆ, ತಂದೆಯಾಗುವವನಿಗೆ ಎರಡು ಮಾತುಗಳಲ್ಲಿ ಇದರ ಅರ್ಥವನ್ನು ಬಿಡಿಸಿ ಹೇಳಬೇಕು: ಒಳಗಿರುವ ಶಿಶುವಿಗೆ ಈಗಾಗಲೇ ಒಂದು ಲಿಂಗ ದೊರೆತಿದೆ, ಇನ್ನೊಂದನ್ನು ಯಾರೂ ಹುಡುಕಲು ಹೋಗಬೇಕಾಗಿಲ್ಲ.