ಘಟ್ಟದ ಕಾಫಿ, ಕರಾವಳಿಯ ಬೆವರು

ಬಾಬಾಬುಡನರು ಏಳು ಬೀಜಗಳನ್ನು ತಂದು ಬಿತ್ತಿದರೆಂಬ ಐತಿಹ್ಯವುಳ್ಳ ಚಂದ್ರದ್ರೋಣ ಪರ್ವತದ ಸಾನುಗಳಲ್ಲಿ, 19ನೆಯ ಶತಮಾನದ ಆಂಗ್ಲ ತೋಟಗಾರರು ಮೂಲಧನವನ್ನು ಹೂಡಿ ಕಾಫಿಯನ್ನು ವಿಸ್ತರಿಸಿದಾಗ, ಆ ಧನಕ್ಕೆ ಫಲವಿತ್ತ ಶ್ರಮದಲ್ಲಿ ಗಣನೀಯ ಪಾಲು ಘಟ್ಟದ ಕೆಳಗಣ ಕರಾವಳಿಯಿಂದಲೇ ಏರಿಹೋಯಿತು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಸೀಮೆಗಳಲ್ಲಿ ಮುಂಗಾರಿನ ಭತ್ತವಾದ ಕಾರ್ತಿಯ ಬೆಳೆ ಕೊಯ್ದು ಗದ್ದೆ ಬರಿದಾಗುತ್ತಲೇ, ತೋಟಕ್ಕೆ ಕೂಲಿಯಾಳು ಕೂಡಿಸುವ ಮೇಸ್ತ್ರಿಯ ಕೈಯಿಂದ ಮುಂಗಡ ಪಡೆದ ಬಡವರು, ಹಣ್ಣು ಕೊಯ್ಯುವ ಕಾಲಕ್ಕೆ ಸರಿಯಾಗಿ ಘಟ್ಟದ ಹಾದಿ ಹಿಡಿದು, ಮಳೆಗಾಲಕ್ಕೆ ಮುನ್ನ ಹಿಂದಿರುಗುತ್ತಿದ್ದರು. ಸಾಲ ತೀರದವರು ಮರುವರ್ಷವೂ ಏರಲೇಬೇಕಾಗುತ್ತಿತ್ತು. ಕೋಟದಲ್ಲಿ 1902ರಲ್ಲಿ ಜನಿಸಿದ ಶಿವರಾಮ ಕಾರಂತರ ‘ಚೋಮನ ದುಡಿ’ ಕಾದಂಬರಿಯಲ್ಲಿ, ಸಾಲ ತೀರಿಸಲೆಂದು ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಈ ಚರಿತ್ರೆಗೆ ಸಾಕ್ಷ್ಯವೇ ಸರಿ. ಇಂದು ಕಾಫಿಸೀಮೆಗೆ ವಿಹಾರಕ್ಕೋ ಹೂಡಿಕೆಗೋ ತೆರಳುವವರು, ಅಲ್ಲಿನ ಸಂಪತ್ತಿನಲ್ಲಿ ಕರಾವಳಿಯ ಋಣವೂ ಸೇರಿದೆಯೆಂಬುದನ್ನು ಮರೆಯಬಾರದು.