ಕೊಳೆಗೆ ಕಟ್ಟಿದ ಕೊಟ್ಟೆ

ಮಲೆನಾಡಿನ ಅಡಿಕೆ ತೋಟದ ಮನೆಗಳಲ್ಲಿ ಆಷಾಢದ ಮಳೆಯೆಂದರೆ ಹಪ್ಪಳ, ಸುಟ್ಟ ಹಲಸಿನ ಬೀಜ ಮಾತ್ರವಲ್ಲ. ‘ಕೊಳೆ ಬಂತಂತೆ’ ಎಂಬ ಮಾತು ಹಿತ್ತಿಲು ದಾಟಿ ಬಂದರೆ ಆ ವರ್ಷದ ಮದುವೆ, ಸಾಲದ ಕಂತು, ಮಕ್ಕಳ ಫೀಸು ಎಲ್ಲದರ ಲೆಕ್ಕವೂ ತಲೆಕೆಳಗು. ಮೊದಲು ಎಳೆಗಾಯಿಯ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ. ಆಮೇಲೆ ಕಾಯಿ ಒಂದೊಂದೇ ಉದುರುತ್ತದೆ. ಬಿದ್ದ ಕಾಯಿಗೆ ಬಿಳಿ ಬೂಷ್ಟು. ಸುಳಿಗೇ ಹತ್ತಿದರೆ ಮರವೇ ಹೋಯಿತು.

ಇದಕ್ಕೆ ಕಾರಣವಾದ ಜೀವಿ ಫೈಟಾಫ್ತೊರ ಕುಲದ್ದು. ಗಿಡವನ್ನು ಹಾಳುಮಾಡುವುದು ಎಂಬ ಅರ್ಥದ ಈ ಹೆಸರನ್ನು ಜರ್ಮನಿಯ ಡಿ ಬಾರಿ 1876ರಲ್ಲಿ ಕೊಟ್ಟ. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯನ್ನು ಕೊಳೆಸಿ, ಹತ್ತು ಲಕ್ಷದಷ್ಟು ಜನರ ಸಾವಿಗೆ ಕಾರಣವಾದದ್ದೂ ಇದೇ ಕುಲ. ಬಹುಕಾಲ ಇದನ್ನು ಶಿಲೀಂಧ್ರವೆಂದೇ ಕರೆದರು. ಈಗಿನವರು ಶಿಲೀಂಧ್ರದಂತೆ ಕಾಣುವ ಬೇರೆಯೇ ಗುಂಪು ಎನ್ನುತ್ತಾರೆ. ಇದರ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ಮಳೆಹನಿ ಸಿಡಿದಲ್ಲೆಲ್ಲ ರೋಗವೂ ಸಿಡಿಯುತ್ತದೆ.

ಸೂಕ್ಷ್ಮದರ್ಶಕವನ್ನು ಕಾಣದ ನಮ್ಮ ಹಿರಿಯರು ಹಿಡಿದದ್ದೂ ಈ ನೀರಿನ ಎಳೆಯನ್ನೇ. ಗೊನೆ ನೆನೆಯದಿದ್ದರೆ ಕೊಳೆಯದು ಎಂದು ತಿಳಿದು, ಮಳೆಗೆ ಮೊದಲೇ ಪ್ರತಿ ಗೊನೆಗೂ ಹಾಳೆಯ ಕೊಟ್ಟೆ ಕಟ್ಟಿಸುತ್ತಿದ್ದರು. ಬೇಸಗೆಯಿಡೀ ಹಾಳೆ ಆಯ್ದು, ನೆನೆಸಿ, ಹೊಲಿದು ರಾಶಿ ಹಾಕುತ್ತಿದ್ದುದನ್ನು ನಮ್ಮತ್ತೆ ಹೇಳುತ್ತಿದ್ದರು. ಮರ ಹತ್ತಿದ ಕೊನೆಗೌಡನ ಮಾತು ಎಲ್ಲರ ಬಾಯಲ್ಲಿತ್ತು. ಕೊಟ್ಟೆ ಹೊಲಿದು ಒಡೆದ ಬೆರಳುಗಳ ಮಾತು ಅತ್ತೆಯ ಬಾಯಲ್ಲಿ ಮಾತ್ರ ಕೇಳಿದೆ.

ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. 1910ರಲ್ಲಿ ಈ ರೋಗದ ಬಗ್ಗೆ ಅವರು ಬರೆದ ಇಂಗ್ಲಿಷ್ ವರದಿಯ ಶೀರ್ಷಿಕೆಯಲ್ಲೇ ‘ಕೊಳೆರೋಗ’ ಎಂಬ ನಮ್ಮ ಮಾತಿದೆ. (ಕಾಫಿಯ ಕಪ್ಪು ಕೊಳೆಗೆ ಕುಕ್ ಎಂಬಾತ 1876ರಲ್ಲೇ ಕೊಟ್ಟ ಲ್ಯಾಟಿನ್ ಹೆಸರಿನಲ್ಲೂ ಅದು ಸೇರಿತ್ತು. ನಮ್ಮ ಭಾಷೆ ರೋಗದ ಹೆಸರಿನಲ್ಲಾದರೂ ಹೊರದೇಶ ಕಂಡಿತಲ್ಲ!) ಕೋಲ್ಮನ್ ತೋರಿಸಿಕೊಟ್ಟ ಮದ್ದು ಬೋರ್ಡೋ ದ್ರಾವಣ.

ಅದರ ಹುಟ್ಟು ಸ್ವಾರಸ್ಯದ್ದು. ಫ್ರಾನ್ಸಿನ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣ ಎರಚುತ್ತಿದ್ದರು. 1882ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕ ನೋಡಿದಾಗ, ಬೂಜು ರೋಗದಿಂದ ಉಳಿದ ಬಳ್ಳಿಗಳ ಎಲೆ ಉದುರಿತ್ತು, ಎರಚಿದವುಗಳ ಎಲೆ ಹಾಗೇ ಇತ್ತು. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ.

ಕಳ್ಳರಿಗೆಂದು ಕಲಸಿದ್ದು ನಮ್ಮ ಅಂಗಳಕ್ಕೂ ಬಂತು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಸಿಂಪಡಣೆ. ಹದ ನೋಡಲು ಹೊಳೆಯುವ ಚಾಕುವನ್ನು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು. ನಮ್ಮತ್ತೆ ಅಡುಗೆಮನೆಯ ಚಾಕುವನ್ನು ಮಾತ್ರ ಈ ಪರೀಕ್ಷೆಗೆ ಕೊಡುತ್ತಿರಲಿಲ್ಲ.